ಗುಲಾಮಗಿರಿಯ ಪಾಠಕ್ಕೆ ತಕ್ಕಡಿ ಬೇಡ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ಇತಿಹಾಸ ಪಾಠವನ್ನು ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಘಟಕ ‘ಭಾರತಕ್ಕೆ ಯುರೋಪಿಯನ್ನರ ಆಗಮನ’. ಪ್ರಶಿಕ್ಷಣಾರ್ಥಿಯ ತಯಾರಿ ಚೆನ್ನಾಗಿತ್ತು. ಭೂಪಟದಲ್ಲಿ ಅರಬ್ ವರ್ತಕರ ದಾರಿಗೆ ಹಸಿರು ಬಾಣ, ವಾಸ್ಕೋ ಡ ಗಾಮನ ದಾರಿಗೆ ಕೆಂಪು ಬಾಣ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದದ್ದು, ಸಾಂಬಾರ ಪದಾರ್ಥಗಳ ಬೆಲೆ, ಕೊನೆಗೆ ಬ್ರಿಟಿಷರ ಕಂಪನಿ. ಮಾತಿನ ನಡುವೆ ಆಕೆ, ಈ ಕಂಪನಿಯವರ ದೇಶದವರೇ ಆಫ್ರಿಕಾದ ಜನರನ್ನು ಹಡಗಿನಲ್ಲಿ ತುಂಬಿ ಮಾರುತ್ತಿದ್ದರು ಎಂದು ಒಂದು ವಾಕ್ಯ ಸೇರಿಸಿದರು. ಮೂರನೆಯ ಸಾಲಿನ ಹುಡುಗ ಎದ್ದು ನಿಂತ.

“ಮಿಸ್, ಅರಬ್ಬರೂ ಗುಲಾಮ್ರನ್ನ ಮಾರ್ತಿದ್ರಂತಲ್ಲ? ನಮ್ಮಣ್ಣನ ಫೋನಲ್ಲಿ ನೋಡ್ದೆ. ಅದ್ಯಾಕೆ ಬುಕ್ಕಲ್ಲಿಲ್ಲ?”

ಪ್ರಶಿಕ್ಷಣಾರ್ಥಿ ಉತ್ತರಿಸುವ ಮೊದಲೇ ಹಿಂದಿನಿಂದ ಇನ್ನೊಂದು ದನಿ ಬಂತು: “ಅದನ್ನ ಇವನ್ನ ಕೇಳೋ.” ಬೆರಳು ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ಮುಸ್ಲಿಂ ಹುಡುಗನತ್ತ ಚಾಚಿತ್ತು. ತರಗತಿ ನಕ್ಕಿತು. ಆ ಹುಡುಗ ತಲೆ ಬಗ್ಗಿಸಿ ಪುಸ್ತಕದ ಹಾಳೆ ಮಗುಚತೊಡಗಿದ. ಪ್ರಶಿಕ್ಷಣಾರ್ಥಿ, “ಅದು ನಮ್ಮ ಸಿಲೆಬಸ್‌ನಲ್ಲಿ ಇಲ್ಲ, ಕೂತ್ಕೊ” ಎಂದು ಹೇಳಿ ಪಾಠ ಮುಂದುವರಿಸಿದರು. ಗದ್ದಲ ಅರ್ಧ ನಿಮಿಷದಲ್ಲಿ ಅಡಗಿತು. ವೀಕ್ಷಣಾ ನಮೂನೆಯ ‘ತರಗತಿ ನಿರ್ವಹಣೆ’ ಎಂಬ ಕಾಲಂನಲ್ಲಿ ನಾನು ‘ಉತ್ತಮ’ ಎಂದು ಗುರುತು ಹಾಕಿದೆ.

ಸಂಜೆ ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಆ ಗುರುತು ಚುಚ್ಚತೊಡಗಿತು. ಒಬ್ಬ ಹುಡುಗ ಸರಿಯಾದ ಪ್ರಶ್ನೆ ಕೇಳಿದ್ದ. ಅವನಿಗೆ ಉತ್ತರ ಸಿಗಲಿಲ್ಲ. ಇನ್ನೊಬ್ಬ ಹುಡುಗನನ್ನು, ಸಾವಿರಾರು ಮೈಲಿ ದೂರದ, ಶತಮಾನಗಳ ಹಿಂದಿನ ವ್ಯಾಪಾರಕ್ಕೆ ಹೊಣೆ ಮಾಡಿ ನಿಲ್ಲಿಸಲಾಗಿತ್ತು. ಅವನ ಪರವಾಗಿ ಯಾರೂ ಮಾತಾಡಲಿಲ್ಲ. ಇದನ್ನೇ ನಾನು ನಿರ್ವಹಣೆ ಎಂದು ಕರೆದಿದ್ದೆ.

ಮೂರು ದಿನದ ನಂತರ ಕಾಲೇಜಿನ ವಿಮರ್ಶಾ ಅವಧಿಯಲ್ಲಿ ಈ ಪ್ರಸಂಗವನ್ನೇ ಚರ್ಚೆಗಿಟ್ಟೆ. ಪ್ರಶಿಕ್ಷಣಾರ್ಥಿಗಳು ಉತ್ಸಾಹದಿಂದ ಚಾರ್ಟ್ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಬ್ರಿಟಿಷರು’, ಬಲಕ್ಕೆ ‘ಅರಬ್ಬರು’ ಎಂದು ಬರೆದರು. ಅರ್ಧ ಜನ, ಅರಬ್ಬರು ನಮ್ಮ ಕರಾವಳಿಗೆ ಕುದುರೆ ತಂದು ವ್ಯಾಪಾರ ಮಾಡಿ ಹೋದರು, ಆಳಿದ್ದು ಲೂಟಿ ಮಾಡಿದ್ದು ಬ್ರಿಟಿಷರು ಎಂದರು. ಉಳಿದರ್ಧ, ಅರಬ್ಬರದ್ದು ಸಾವಿರ ವರ್ಷಕ್ಕೂ ಹೆಚ್ಚಿನ ವ್ಯಾಪಾರ, ಬ್ರಿಟಿಷರಾದರೂ ಕಾನೂನು ಮಾಡಿ ನಿಲ್ಲಿಸಿದರು ಎಂದರು. ಕ್ರಿಕೆಟ್ ಸ್ಕೋರ್ ಕೇಳಿದಂತಾಯಿತು. ಎರಡು ಕಡೆಯವರೂ ಹೇಳಿದ್ದರಲ್ಲಿ ಸುಳ್ಳು ಹೆಚ್ಚಿರಲಿಲ್ಲ. ಆದರೆ ಆ ಚಾರ್ಟನ್ನು ಬಿಡದಿಯ ಆ ತರಗತಿಗೆ ಒಯ್ದು ತೂಗುಹಾಕಿದರೆ ಕಿಟಕಿ ಪಕ್ಕದ ಹುಡುಗ ಯಾವ ಕಾಲಂನಲ್ಲಿ ಕುಳಿತುಕೊಳ್ಳಬೇಕು? ‘ಸಿಲೆಬಸ್‌ನಲ್ಲಿಲ್ಲ’ ಎಂಬ ಉತ್ತರದಷ್ಟೇ ಈ ತಕ್ಕಡಿಯೂ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಹೋಲಿಕೆ ಬೇಡ ಎನ್ನುತ್ತಿಲ್ಲ. ಎರಡು ಇತಿಹಾಸಗಳಿಗೂ ಒಂದೇ ಪ್ರಶ್ನೆಗಳನ್ನು ಕೇಳಬೇಕು: ಹಿಡಿದವರು ಯಾರು, ಕೊಂಡವರು ಯಾರು, ಏನು ಕೆಲಸ ಮಾಡಿಸಿದರು, ಹುಟ್ಟಿದ ಮಕ್ಕಳ ಗತಿ ಏನು, ನಿಂತಾಗ ಹಣ ಯಾರ ಕೈ ಸೇರಿತು. ಹೀಗೆ ಕೇಳುತ್ತಾ ಹೋದರೆ ಎರಡು ಕಾಲಂಗಳ ನಡುವಿನ ಗೆರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಸಂಖ್ಯೆಯನ್ನು ಮೊದಲು ಮುಗಿಸಿಬಿಡೋಣ, ಮಕ್ಕಳು ಮೊದಲು ಕೇಳುವುದು ಅದನ್ನೇ. ಅಟ್ಲಾಂಟಿಕ್ ಸಾಗರದ ಮೂಲಕ ಯುರೋಪಿಯನ್ನರು ಹಡಗು ಹತ್ತಿಸಿದ ಆಫ್ರಿಕನ್ನರು ಸುಮಾರು 1 ಕೋಟಿ 25 ಲಕ್ಷ. ಅದರಲ್ಲಿ ಬ್ರಿಟಿಷ್ ಹಡಗುಗಳ ಪಾಲು 30 ಲಕ್ಷಕ್ಕೂ ಹೆಚ್ಚು. ಇದು ಸುಮಾರು ಮೂರೂವರೆ ಶತಮಾನದ ಲೆಕ್ಕ. ಸಹಾರಾ ಮರುಭೂಮಿ, ಕೆಂಪು ಸಮುದ್ರ, ಹಿಂದೂ ಮಹಾಸಾಗರದ ದಾರಿಗಳಲ್ಲಿ ಅರಬ್ಬರೂ ಇತರರೂ ಸಾಗಿಸಿದವರು ಸುಮಾರು ಹನ್ನೆರಡು ಶತಮಾನಗಳಲ್ಲಿ ಒಂದು ಕೋಟಿಗಿಂತ ಹೆಚ್ಚು ಎಂದು ಹಲವು ಇತಿಹಾಸಕಾರರ ಅಂದಾಜು. ಮೊದಲನೆಯದಕ್ಕೆ ಹಡಗಿನ ಲೆಕ್ಕಪುಸ್ತಕ, ವಿಮೆ, ಬಂದರಿನ ದಾಖಲೆ ಇವೆ. ಎರಡನೆಯದಕ್ಕೆ ಅಂಥ ದಾಖಲೆ ತೀರ ಕಡಿಮೆ. ದಾಖಲೆ ಇಟ್ಟವನೇ ಹೆಚ್ಚು ಪಾಪಿಯಾಗಿ ಕಾಣುತ್ತಾನೆ ಎಂಬ ಮಾತನ್ನೂ ಇಲ್ಲಿ ಹೇಳಬೇಕು. ಆಕರಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚಿಲ್ಲ.

ವ್ಯತ್ಯಾಸಗಳು ಖಂಡಿತ ಇವೆ. ಬ್ರಿಟಿಷರ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬಹುಪಾಲು ಕಬ್ಬಿನ ತೋಟಕ್ಕೆ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಮಾಲೀಕನೇ ಆದರೂ ಸರಿ. ಬಣ್ಣವೇ ಸಂಕೋಲೆ. ಇಸ್ಲಾಮಿನ ಕಾನೂನಿನಲ್ಲಿ ಮಾಲೀಕ ತನ್ನದೆಂದು ಒಪ್ಪಿಕೊಂಡ ಮಗು ಸ್ವತಂತ್ರ, ತಾಯಿಗೆ ಅವನ ಮರಣಾನಂತರ ಬಿಡುಗಡೆ. ಗುಲಾಮರನ್ನು ಬಿಡುಗಡೆ ಮಾಡುವುದು ಪುಣ್ಯದ ಕೆಲಸ. ಆದರೆ ಗುಲಾಮಗಿರಿಗೇ ನಿಷೇಧ ಇರಲಿಲ್ಲ. ಅಲ್ಲಿ ಮನೆಗೆಲಸಕ್ಕೆ, ಅಂತಃಪುರಕ್ಕೆ, ಸೈನ್ಯಕ್ಕೆ ಗುಲಾಮರು ಹೋದರು. ಹುಡುಗರನ್ನು ಬೀಜ ಒಡೆದು ನಪುಂಸಕರನ್ನಾಗಿ ಮಾಡುವ ಕ್ರೌರ್ಯದಲ್ಲಿ ಸತ್ತವರು ಎಷ್ಟೋ. ‘ಅರಬ್ಬರ ಗುಲಾಮಗಿರಿ ಸೌಮ್ಯವಾಗಿತ್ತು’ ಎಂದು ಯಾರಾದರೂ ಹೇಳಿದರೆ ಕ್ರಿ.ಶ. 869ರಿಂದ 883ರವರೆಗೆ ಬಸ್ರಾದ ಸುತ್ತ ನಡೆದ ಜಂಜ್ ದಂಗೆಯನ್ನು ನೆನಪಿಸಬಹುದು. ಚೌಳು ಭೂಮಿ ಕೆರೆಯಲು ಹಚ್ಚಿದ್ದ ಆಫ್ರಿಕನ್ ಗುಲಾಮರೂ ಇತರರೂ ಹದಿನಾಲ್ಕು ವರ್ಷ ಖಲೀಫನ ಸೈನ್ಯವನ್ನು ಎದುರಿಸಿದರು. ಸೌಮ್ಯವಾದದ್ದರ ವಿರುದ್ಧ ಯಾರೂ ಹದಿನಾಲ್ಕು ವರ್ಷ ಹೊಡೆದಾಡುವುದಿಲ್ಲ.

ವಸಾಹತುಶಾಹಿಯ ವಿಷಯದಲ್ಲೂ ಹೀಗೆಯೇ. ನಮ್ಮ ಭಟ್ಕಳ, ಹೊನ್ನಾವರಗಳಿಗೆ ಅರಬ್ಬರು ಬಂದದ್ದು ವರ್ತಕರಾಗಿ. ಬ್ರಿಟಿಷರು 1799ರ ನಂತರ ಮೈಸೂರನ್ನು ಹಿಡಿತಕ್ಕೆ ತಂದುಕೊಂಡರು, 1831ರಿಂದ 1881ರವರೆಗೆ ನೇರವಾಗಿ ಕಮಿಷನರುಗಳ ಮೂಲಕ ಆಳಿದರು. ನಮ್ಮ ರಾಮನಗರವೇ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ಇಲ್ಲಿನ ಬಂಡೆಗಳಿಗೆ ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಆದರೆ ಇದೇ ಪ್ರಶ್ನೆಯನ್ನು ಪೂರ್ವ ಆಫ್ರಿಕಾದ ಒಬ್ಬ ವಿದ್ಯಾರ್ಥಿಗೆ ಕೇಳಿ. ಒಮಾನಿನ ಅರಬ್ಬರು 1698ರಲ್ಲಿ ಪೋರ್ಚುಗೀಸರಿಂದ ಮೊಂಬಾಸಾ ಕೋಟೆ ಕಿತ್ತುಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಸುಲ್ತಾನ ರಾಜಧಾನಿಯನ್ನೇ ಜಾಂಜಿಬಾರಿಗೆ ಸಾಗಿಸಿ ಗುಲಾಮರಿಂದ ಲವಂಗದ ತೋಟ ಮಾಡಿಸಿದ. ಅವನ ಸುಂಕದ ಗುತ್ತಿಗೆ ಹಿಡಿದಿದ್ದವರು ಜೈರಾಮ್ ಶಿವಜಿ ಎಂಬ ಕಛ್ ಮೂಲದ ಭಾರತೀಯ ಸಾಹುಕಾರರ ಪೇಢಿಯವರು. ಆ ಮಾರುಕಟ್ಟೆಗೆ ಬ್ರಿಟಿಷರ ಒತ್ತಡದಿಂದ 1873ರಲ್ಲಿ ಬೀಗ ಬಿತ್ತು. ಯಾವ ಕಾಲಂ? ಒಂದೇ ದ್ವೀಪದಲ್ಲಿ ಅರಬ್ಬರಿದ್ದಾರೆ, ಬ್ರಿಟಿಷರಿದ್ದಾರೆ, ನಾವೂ ಇದ್ದೇವೆ.

ನಮ್ಮ ರಾಜ್ಯದ ಒಳಗೇ ಈ ಇತಿಹಾಸದ ಜೀವಂತ ಮನುಷ್ಯರಿದ್ದಾರೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳಲ್ಲಿ ಬಹುಮಂದಿ ಯೋಚಿಸಿಯೇ ಇರಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಂಚಿನ ಊರುಗಳ ಸಿದ್ಧಿಗಳ ಪೂರ್ವಜರು ಆಫ್ರಿಕಾದವರು. ಬಹುಪಾಲು ಜನ ಪೋರ್ಚುಗೀಸರು ಗೋವೆಗೆ ತಂದ ಗುಲಾಮರ ಸಂತತಿ, ತಪ್ಪಿಸಿಕೊಂಡು ಅಥವಾ ಬಿಡುಗಡೆಯಾಗಿ ಘಟ್ಟದ ಕಾಡು ಸೇರಿದವರು. ಅರಬ್ ವರ್ತಕರ ಮೂಲಕ ದಖ್ಖನಿಗೆ ಬಂದವರ ಎಳೆಯೂ ಸಿದ್ಧಿಗಳ ಇತಿಹಾಸದಲ್ಲಿ ಸೇರಿದೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ಧಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಇನ್ನೊಬ್ಬ ಮಲಿಕ್ ಅಂಬರ್. ಹದಿನಾರನೆಯ ಶತಮಾನದ ನಡುಭಾಗದಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಲಾಮನಾಗಿ ಕೆಂಪು ಸಮುದ್ರದ ಮೋಖಾ ಬಂದರಿನಲ್ಲಿ ಮಾರಾಟವಾಗಿ, ಬಾಗ್ದಾದಿನಲ್ಲಿ ಬೆಳೆದು, ಕೊನೆಗೆ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನನ ಕೈಗೆ ಬಂದವನು. ಆ ಚಂಗೀಜ್ ಖಾನನೂ ಒಂದು ಕಾಲದಲ್ಲಿ ಗುಲಾಮನಾಗಿದ್ದ ಹಬ್ಶಿ. ಒಡೆಯನ ಮರಣದ ನಂತರ ಬಿಡುಗಡೆಗೊಂಡ ಅಂಬರ್ ಕೆಲಕಾಲ ವಿಜಯಪುರದ ಸೇವೆಯಲ್ಲಿಯೂ ಇದ್ದ. 1600ರ ನಂತರ ಅಹಮದ್‌ನಗರದ ಸೂತ್ರ ಹಿಡಿದು 1626ರಲ್ಲಿ ಸಾಯುವವರೆಗೆ ಮೊಘಲರನ್ನು ಕಾಡಿದ. ವಿಜಯಪುರದಲ್ಲೇ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿಯಾಗಿದ್ದ. ಜಮೈಕಾದ ಕಬ್ಬಿನ ತೋಟದಿಂದ ಹೀಗೆ ಮಂತ್ರಿಯಾದವನು ಯಾರೂ ಇಲ್ಲ. ಇದು ನಿಜವಾದ ವ್ಯತ್ಯಾಸ. ಆದರೆ ಅಂಬರ್ ಒಬ್ಬ ಮೇಲೆ ಬಂದ ಎಂದು ಮೋಖಾದಲ್ಲಿ ಮಾರಾಟವಾದ ಉಳಿದ ಹುಡುಗರ ಕಥೆ ಮರೆತುಬಿಡಬಾರದು.

ಬ್ರಿಟಿಷರು ಗುಲಾಮಗಿರಿ ನಿಲ್ಲಿಸಿದರು ಎಂಬ ವಾಕ್ಯವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಓದಬೇಕು. 1807ರಲ್ಲಿ ವ್ಯಾಪಾರ ನಿಷೇಧ, 1833ರಲ್ಲಿ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು. ಅದಕ್ಕಾಗಿ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟದ್ದು ಮಾಲೀಕರಿಗೆ, ಗುಲಾಮರಿಗೆ ಕಾಸೂ ಇಲ್ಲ. ಆ ಸಾಲವನ್ನು ಬ್ರಿಟನ್ ಸಂಪೂರ್ಣ ತೀರಿಸಿದ್ದು 2015ರಲ್ಲಿ. ಇನ್ನೂ ಮುಖ್ಯವಾಗಿ, 1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತ್ತು. ಅಂದರೆ ನಮ್ಮನ್ನು. ಇಲ್ಲಿ ಗುಲಾಮರಿರಲಿಲ್ಲವೇ? ಟಿಪ್ಪುವಿನ ಪತನದ ನಂತರ 1800-01ರಲ್ಲಿ ನಮ್ಮ ಭಾಗವೂ ಸೇರಿದಂತೆ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಗದ್ದೆಗಳಲ್ಲಿ ದುಡಿಯುವ ಗುಲಾಮರ ಬಗ್ಗೆ ಬರೆದಿದ್ದಾನೆ. ಅವರ ಒಡೆಯರು ಅರಬ್ಬರೂ ಅಲ್ಲ, ಬ್ರಿಟಿಷರೂ ಅಲ್ಲ. 1843ರ ಐದನೆಯ ಕಾಯ್ದೆ ಗುಲಾಮನನ್ನು ಆಸ್ತಿ ಎಂದು ನ್ಯಾಯಾಲಯ ಒಪ್ಪಬಾರದು ಎಂದಿತು. ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು 1860ರ ದಂಡ ಸಂಹಿತೆಯಿಂದ.

ಅದರ ನಡುವೆಯೇ 1859ರಲ್ಲಿ ಇನ್ನೊಂದು ಕಾಯ್ದೆ ಬಂತು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಹಣ ಕಕ್ಕಿಸಬಹುದು ಅಥವಾ ಕೆಲಸ ಮಾಡಿಸಬಹುದು; ಒಪ್ಪದಿದ್ದರೆ ಮೂರು ತಿಂಗಳವರೆಗೆ ಸಜೆ. ತೋಟದ ಮಾಲೀಕರಿಗೆ ಇದು ತುಂಬ ಅನುಕೂಲವಾಯಿತು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ; ಅದರಲ್ಲಿ ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ಕಾಫಿ ಬೀಜವನ್ನು ಬಾಬಾ ಬುಡನ್ ಮೋಖಾದಿಂದ ತಂದರೆಂದು ಐತಿಹ್ಯ. ಅಂಬರ್ ಮಾರಾಟವಾದ ಅದೇ ಮೋಖಾ. ಬೀಜ ಅರಬ್ಬರ ಬಂದರಿನದು, ದೊಡ್ಡ ತೋಟಗಳು ಬ್ರಿಟಿಷರವು, ಚೋಮನಿಗೆ ಭೂಮಿ ನಿರಾಕರಿಸಿದ ಜಾತಿ ನಮ್ಮದು.

ಇಷ್ಟು ಸಾಮಗ್ರಿ ಕೂಡಿಸಿಕೊಂಡು, ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು, ಅದೇ ತರಗತಿಗೆ ನಾನೇ ಒಂದು ಅವಧಿ ಪಾಠ ಮಾಡಿದೆ. ಪ್ರಶಿಕ್ಷಣಾರ್ಥಿ ಹಿಂದಿನ ಬೆಂಚಿನಲ್ಲಿ ವೀಕ್ಷಣಾ ನಮೂನೆ ಹಿಡಿದು ಕುಳಿತರು. ನಲವತ್ತು ನಿಮಿಷದಲ್ಲಿ ಮೇಲಿನದೆಲ್ಲ ಹಿಡಿಸುವುದಿಲ್ಲ. ಅಂಬರನ ದಾರಿಯನ್ನು ಮಾತ್ರ ಆರಿಸಿಕೊಂಡೆ. ಭೂಪಟದಲ್ಲಿ ಒಂದೊಂದು ಊರಿಗೆ ಬಂದಾಗಲೂ ಒಂದೇ ಪ್ರಶ್ನೆ: ಇಲ್ಲಿ ದುಡ್ಡು ಯಾರಿಗೆ ಸಿಕ್ಕಿತು?

ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗನೇ ಮೊದಲು ತಡವರಿಸಿದ. “ಹಂಗಾದ್ರೆ ಮಾರ್ದೋರೂ ಸಾಬ್ರೇ, ಕೊಂಡ್ಕೊಂಡೋನೂ ಸಾಬ್ರೇ, ಅಂಬರ್‌ನೂ ಸಾಬ್ರೇನಾ ಸಾರ್?” ಹೌದು, ಎಂದೆ. ಅಟ್ಲಾಂಟಿಕ್‌ನಲ್ಲಿ ಮಾರಿದವರೂ ಕ್ರೈಸ್ತರು, ನಿಲ್ಲಿಸಬೇಕೆಂದು ಹೋರಾಡಿದವರಲ್ಲೂ ಕ್ರೈಸ್ತರು, ಗುಲಾಮನಾಗಿದ್ದು ಬಿಡುಗಡೆಯಾಗಿ 1789ರಲ್ಲಿ ಆತ್ಮಕಥೆ ಬರೆದ ಒಲಾಡಾ ಇಕ್ವಿಯಾನೋ ಕೂಡ ಕ್ರೈಸ್ತನೇ. ಅವನು ಕುಳಿತುಕೊಂಡ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಅವನು ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

ಕಿಟಕಿ ಪಕ್ಕದ ಹುಡುಗನನ್ನು ನಾನಾಗಿ ಏನನ್ನೂ ಕೇಳಲಿಲ್ಲ. ಈ ಒಂದು ನಿಯಮವನ್ನು ಪ್ರಶಿಕ್ಷಣಾರ್ಥಿಗಳಿಗೆ ಒತ್ತಿ ಹೇಳುತ್ತೇನೆ: ಯಾವ ಮಗುವನ್ನೂ ಅದರ ಧರ್ಮದ, ಜಾತಿಯ ವಕೀಲನಾಗಿ ಎದ್ದು ನಿಲ್ಲಿಸಬಾರದು, ಒಳ್ಳೆಯ ಉದ್ದೇಶದಿಂದಲೂ. ಅವನೇ ಪಾಠದ ಕೊನೆಗೆ ಭೂಪಟದ ಬಳಿ ಬಂದು, “ದಮ್ಮಾಮ್ ಎಲ್ಲೈತೆ ಸಾರ್?” ಎಂದ. ತೋರಿಸಿದೆ. ಅವನ ಮಾವ ಅಲ್ಲಿ ಡ್ರೈವರ್. “ಪಾಸ್‌ಪೋರ್ಟು ಕಫೀಲ್ ಹತ್ರ ಇಟ್ಕೊಂಡವ್ನೆ. ಅದ್ಕೇ ಹಬ್ಬಕ್ಕೆ ಬರಕ್ಕಾಗ್ಲಿಲ್ಲ.” ಸೌದಿ ಅರೇಬಿಯಾದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1962ರಲ್ಲಿ, ಒಮಾನಿನಲ್ಲಿ 1970ರಲ್ಲಿ ಎಂದು ಹೇಳಿದೆ. ಕಫಾಲಾ ಗುಲಾಮಗಿರಿಯಲ್ಲ, ಆದರೆ ದುಡಿಯುವವನ ಕಾಲಿಗೆ ಕಾಗದದ ಹಗ್ಗ. ಕೊಲ್ಲಿಯಲ್ಲಿ ಅದರ ಆಧುನಿಕ ಬೇರುಗಳು ಬ್ರಿಟಿಷರ ಆಡಳಿತದ ಕಾಲದ ಬಹ್ರೇನಿನಲ್ಲಿವೆ ಎಂದು ಒಮರ್ ಅಲ್‌ಶಿಹಾಬಿ ಎಂಬ ಸಂಶೋಧಕರು ವಾದಿಸಿದ್ದಾರೆ. ಹುಡುಗನಿಗೆ ಇದನ್ನು ಹೇಳಲಿಲ್ಲ, ಗಂಟೆ ಹೊಡೆದಿತ್ತು. ನಿಮಗೆ ಹೇಳುತ್ತಿದ್ದೇನೆ.

ಗಂಟೆ ಹೊಡೆದ ಮೇಲೆ ಜಗಲಿಯಲ್ಲಿ ಇನ್ನೊಬ್ಬಳು ಕಾದಿದ್ದಳು. ರಾಯಚೂರು ಕಡೆಯ ಹುಡುಗಿ, ತಂದೆತಾಯಿ ಇಟ್ಟಿಗೆ ಗೂಡಿನಲ್ಲಿ. ಪಾಠದಲ್ಲಿ ನಾನು ಮುಂಗಡದ ಕಾಯ್ದೆಯನ್ನು ಒಂದು ಮಾತಿನಲ್ಲಿ ಹೇಳಿ ದಾಟಿದ್ದೆ. ಅವಳು ಹಿಡಿದದ್ದು ಅದನ್ನೇ. “ಸರ್ರಿ, ಅಡ್ವಾನ್ಸ್ ಇಸ್ಕೊಂಡು ನಡುವು ಊರಿಗಿ ಹೋದ್ರ ಈಗ್ಲೂ ಜೈಲ್ ಆಕ್ಕೈತೇನ್ರಿ? ಮೇಸ್ತ್ರಿ ಹಂಗ ಅಂತಾನ್ರಿ.”

ಇಲ್ಲ ಎಂದೆ. ಆ ಕಾಯ್ದೆ ಹೋಗಿ ನೂರು ವರ್ಷವಾಗುತ್ತ ಬಂತು. ಸಂವಿಧಾನದ 23ನೆಯ ವಿಧಿ ಇದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಅದರ ಪ್ರಕಾರ ಮುಂಗಡದ ಹೆಸರಿನಲ್ಲಿ ಹಿಡಿದಿಟ್ಟರೆ ಅಪರಾಧ ಹಿಡಿದಿಟ್ಟವನದು, ಜೀತದ ಸಾಲ ಅಲ್ಲಿಗೇ ರದ್ದು. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಗಳಿವೆ. ನಮ್ಮ ಜಿಲ್ಲೆಗೆ ಇದು ಹೊಸ ಸಂಗತಿಯೂ ಅಲ್ಲ. ಭಾರತದ ಜೀತದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 1996ರಲ್ಲಿ ಒಂದು, 2003ರಲ್ಲಿ ರೇಷ್ಮೆ ಉದ್ಯಮದ ಬಗೆಗೇ ಇನ್ನೊಂದು ವರದಿ ಪ್ರಕಟಿಸಿತು. ರಾಮನಗರ, ಮಾಗಡಿಯ ರೇಷ್ಮೆ ಘಟಕಗಳ ಮಕ್ಕಳು ಅವುಗಳಲ್ಲಿದ್ದಾರೆ. ಆ ಮಕ್ಕಳಿಗೆ ಈಗ ನಮ್ಮ ಪ್ರಶಿಕ್ಷಣಾರ್ಥಿಗಳಿಗಿಂತ ಹೆಚ್ಚು ವಯಸ್ಸಾಗಿರಬೇಕು.

ಹುಡುಗಿಯ ಮಾತನ್ನು ತರಗತಿಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ, ಅದು ಒಳ್ಳೆಯದೇ ಆಯಿತು. ಮುಖ್ಯ ಶಿಕ್ಷಕರಿಗೆ ವಿಷಯ ತಿಳಿಸಿದೆ. ಅವರು ಅವಳ ತಂದೆಯನ್ನು ಶನಿವಾರ ಬರಲು ಹೇಳಿ ಕಳುಹಿಸಿದರು.

ಪಠ್ಯ ಮುಗಿಸುವುದು ಯಾವಾಗ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಡೀ ವರ್ಷದಲ್ಲಿ ಇಂಥ ಒಂದು ಅವಧಿ ಸಾಕು ಎನ್ನುತ್ತೇನೆ. ಅರಬ್ ವರ್ತಕರ ಹೆಸರು ಹೇಗೂ ಆ ಘಟಕದ ಮೊದಲ ಪುಟದಲ್ಲೇ ಇದೆ, ಬಾಗಿಲು ತೆರೆದೇ ಇದೆ. ಮಕ್ಕಳ ಕೈಯ ಫೋನು ನಮ್ಮ ಸಿಲೆಬಸ್ ನೋಡಿ ವಿಡಿಯೋ ತೋರಿಸುವುದಿಲ್ಲ. ನಾವು ಬಿಟ್ಟ ಜಾಗವನ್ನು ಅದು ತುಂಬುತ್ತದೆ, ಮತ್ತು ಅದು ತುಂಬುವುದು ತಕ್ಕಡಿಯನ್ನೇ.

ಅಂದು ಹಿಂದಿನ ಬೆಂಚಿನಲ್ಲಿದ್ದ ಪ್ರಶಿಕ್ಷಣಾರ್ಥಿ ನನ್ನ ಪಾಠಕ್ಕೆ ‘ತರಗತಿ ನಿರ್ವಹಣೆ: ಸಾಧಾರಣ’ ಎಂದು ಬರೆದಿದ್ದಾರೆ. ಮಕ್ಕಳು ಕೈ ಎತ್ತದೆ ಮಾತಾಡಿದರು, ಇಬ್ಬರು ಎದ್ದು ಭೂಪಟದ ಬಳಿ ಬಂದರು, ಸಮಯ ಮೀರಿತು. ಎಲ್ಲ ನಿಜ. ಆಕೆ ತಮ್ಮ ಮುಂದಿನ ಪಾಠಯೋಜನೆಯಲ್ಲಿ, ಮೌಲ್ಯಮಾಪನದ ಕೆಳಗೆ, ನಾವು ಕೊಟ್ಟ ನಮೂನೆಯಲ್ಲಿ ಇಲ್ಲದ ಒಂದು ಸಾಲನ್ನು ಕೈಯಲ್ಲೇ ಎಳೆದುಕೊಂಡಿದ್ದಾರೆ: ‘ಮಕ್ಕಳು ಕೇಳಬಹುದಾದ, ಪುಸ್ತಕದಲ್ಲಿಲ್ಲದ ಪ್ರಶ್ನೆ’. ಯಲ್ಲಾಪುರದ ಸಿದ್ಧಿಗಳ ಬಗ್ಗೆ ಓದಲು ಏನಾದರೂ ಇದೆಯೇ ಸರ್, ಎಂದು ಗ್ರಂಥಾಲಯದ ಬಾಗಿಲಲ್ಲಿ ಕೇಳಿದರು. ಹುಡುಕುತ್ತಿದ್ದೇವೆ.